ನೀರಿನ ಕಡೆಯಿಂದ ಮಂಗಳೂರು

ಮಂಗಳೂರಿನ ವಸಾಹತು ಕಾಲದ ಗುರುತುಗಳು, ಕಡಲ ತೀರಗಳು, ಇವು ಇಂದಿನ ನನ್ನ ಮಾತಿನ ವಿಷಯ. ಒಂದು ಪ್ರಶ್ನೆ ಕೇಳಿ ಆರಂಭಿಸುತ್ತೇನೆ. ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಹತ್ತಿ ಆಚೆ ದಡದ ತಣ್ಣೀರುಬಾವಿಗೆ ಹೋದವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಿ. ಏಳೆಂಟು ಕೈಗಳು ಕಾಣುತ್ತಿವೆ. ಹೆದ್ದಾರಿ ಹಿಡಿದು ಪಣಂಬೂರಿಗೆ ಹೋದವರು? ಈಗ ಸಭೆಯ ಮುಕ್ಕಾಲು ಪಾಲು ಕೈ ಎತ್ತಿದೆ. ಇಲ್ಲೇ ಹುಟ್ಟಿ ಬೆಳೆದವರು ತುಂಬಿರುವ ಸಭೆಯಲ್ಲೇ ಲೆಕ್ಕ ಹೀಗಿದ್ದರೆ, ಎರಡು ದಿನಕ್ಕೆಂದು ಘಟ್ಟ ಇಳಿದು ಬರುವ ನೆಂಟರು ಏನು ನೋಡಿಕೊಂಡು ಹೋದಾರು? ಕದ್ರಿ, ಕುದ್ರೋಳಿ, ಒಂದು ಮಾಲ್, ಪಣಂಬೂರಿನಲ್ಲಿ ಸೂರ್ಯಾಸ್ತ, ರಾತ್ರಿಗೆ ಗಡ್‌ಬಡ್ ಐಸ್‌ಕ್ರೀಮ್. ತಪ್ಪೇನಿಲ್ಲ. ಆದರೆ ಅವರು ಹಿತ್ತಿಲ ಕಡೆಯಿಂದ ಊರೊಳಗೆ ಬಂದು ಹಿತ್ತಿಲ ಕಡೆಯಿಂದಲೇ ಹೊರಟುಹೋಗುತ್ತಾರೆ. ಹೆಬ್ಬಾಗಿಲನ್ನು ನೋಡುವುದೇ ಇಲ್ಲ.

ಮಂಗಳೂರಿನ ಹೆಬ್ಬಾಗಿಲು ಹೆದ್ದಾರಿಗಳು ಕೂಡುವ ಪಂಪ್‌ವೆಲ್ ಅಲ್ಲ, ರೈಲು ನಿಲ್ದಾಣವೂ ಅಲ್ಲ. ಇಲ್ಲಿಗೆ ರೈಲು ಬಂದದ್ದೇ 1907ರಲ್ಲಿ. ನಮ್ಮ ಮೀನುಗಾರರು ಇಂದಿಗೂ ಬಾಯಿತುಂಬ ಹೇಳುವ ಹೆಸರೊಂದಿದೆ, ಅಳಿವೆ ಬಾಗಿಲು. ನೇತ್ರಾವತಿ ಪೂರ್ವದಿಂದ ಬರುತ್ತದೆ. ಫಲ್ಗುಣಿ, ಅಂದರೆ ನಾವು ಗುರುಪುರ ಹೊಳೆ ಎನ್ನುವುದು, ಉತ್ತರದಿಂದ ಬರುತ್ತದೆ. ಕಡಲು ಕೂಗಳತೆಯಲ್ಲಿದ್ದರೂ ಗುರುಪುರ ಹೊಳೆಗೆ ನೇರವಾಗಿ ಕಡಲು ಸೇರಲು ದಾರಿಯಿಲ್ಲ. ಬೆಂಗ್ರೆಯ ಮರಳು ದಿಣ್ಣೆ ಉದ್ದಕ್ಕೆ ಅಡ್ಡ ಮಲಗಿದೆ. ಹೀಗಾಗಿ ಹೊಳೆ ದಕ್ಷಿಣಕ್ಕೆ ಹೊರಳಿ, ದಿಣ್ಣೆಯ ಬೆನ್ನಿಗೆ ಅಂಟಿಕೊಂಡೇ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಒಂದೇ ಬಾಗಿಲಿನಿಂದ ಹೊರಗೆ ಬೀಳುತ್ತದೆ. ತುಳುವಿನ ಕುಡ್ಲ ಎಂಬ ಹೆಸರಿಗೆ ಕೂಡುವ ಜಾಗ ಎಂದು ಅರ್ಥ ಹೇಳುವುದು ಇದರಿಂದಲೇ. ಹೊರಗೆ ಅಬ್ಬರದ ಕಡಲು, ಒಳಗೆ ಸದ್ದಿಲ್ಲದ ನೀರು, ನಡುವೆ ಮರಳಿನ ಗೋಡೆ. ಹಾಯಿ ಹಡಗಿನವನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಇಲ್ಲಿಗೆ ಬಂದ ಪೋರ್ಚುಗೀಸರು, ಹೈದರಾಲಿ, ಟಿಪ್ಪು, ಇಂಗ್ಲಿಷರು ಎಲ್ಲರೂ ಕಿತ್ತಾಡಿದ್ದು ಈ ಬಾಗಿಲಿನ ಚಾವಿಗಾಗಿ. ಚಾವಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ, ಆಮೇಲೆ ಅದಕ್ಕೆ ಬರುತ್ತೇನೆ.

ಆದ್ದರಿಂದ ನೆಂಟರು ಬಂದರೆ ನಾನು ಅವರನ್ನು ಬೆಳಿಗ್ಗೆ ಆರೂವರೆಗೆ ಬಂದರಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ದಕ್ಕೆ. ಬಂಗುಡೆ, ಬೂತಾಯಿ ತುಂಬಿದ ಬುಟ್ಟಿಗಳು, ಹರಾಜಿನ ಕೂಗು, ಕಾಲಡಿಯಲ್ಲಿ ಮಂಜುಗಡ್ಡೆಯ ನೀರು. ಮೂಗು ಮುಚ್ಚಿಕೊಳ್ಳುವವರಿಗೆ ಹತ್ತು ನಿಮಿಷ ಕಾಯಲು ಹೇಳುತ್ತೇನೆ, ಹತ್ತು ನಿಮಿಷದ ಮೇಲೆ ವಾಸನೆ ಯಾರಿಗೂ ನೆನಪಿರುವುದಿಲ್ಲ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿಗಳು ನಿಂತಿರುತ್ತವೆ. ಮರದ ಹೊಟ್ಟೆಯ ಸರಕು ಹಡಗುಗಳು. ತರಕಾರಿ, ದಿನಸಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಮಳೆಗಾಲದಲ್ಲಿ ನಿಲ್ಲುತ್ತವೆ, ಕಡಲು ತಣ್ಣಗಾದ ಮೇಲೆ ಮತ್ತೆ ಹೊರಡುತ್ತವೆ. ಈ ಲಯ ಇಂದು ನಿನ್ನೆಯದಲ್ಲ.

ಎಷ್ಟು ಹಳೆಯದು ಎಂಬುದಕ್ಕೆ ಒಂದು ಕತೆ ಹೇಳದೆ ಮುಂದೆ ಹೋಗಲಾರೆ, ವಸಾಹತುಗಳ ಕಾಲಕ್ಕಿಂತ ಬಹಳ ಹಿಂದಿನದಾದರೂ. ಟ್ಯುನೀಷಿಯಾದ ಮಹ್ದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಸುಮಾರು ಹದಿನೇಳು ವರ್ಷ ಈ ತೀರದಲ್ಲೇ ಕಳೆದ. ಅವನ ಕಾಗದ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಉಗ್ರಾಣದಲ್ಲಿ ಶತಮಾನಗಳ ಕಾಲ ಉಳಿದಿದ್ದವು. ಅವನಿಗೆ ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ಇತ್ತು. ಏಡನ್‌ನಲ್ಲಿದ್ದ ಗೆಳೆಯರು ಒಡೆದ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳಿಸಿ, ಇಂಥ ಅಳತೆಯದು ಮಾಡಿಸಿಕೊಡು ಎಂದು ಬರೆಯುತ್ತಿದ್ದರು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇದೇ ಊರಿನಲ್ಲಿ ಬರೆಯಲಾಯಿತು. ಅವಳನ್ನೇ ಅವನು ಮದುವೆಯಾದ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯಾಪಾರ ಮುಗಿಸಿಕೊಂಡು ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಈಜಿಪ್ಟಿನಲ್ಲಿ ಸಿಕ್ಕ ಕಾಗದದಲ್ಲಿ ಬೊಮ್ಮ! ಆ ಹೆಸರನ್ನು ಮೊದಲ ಬಾರಿ ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಆಮೇಲೆ, ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದಾರೆ ಎಂದು ಬರೆದ. ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳ ನಡುವೆ ನಿಂತಾಗ ಈ ಕಾಲದ ಉದ್ದ ಅರಿವಾಗುತ್ತದೆ. ಪೋರ್ಚುಗೀಸರು ಬರುವಾಗ ಈ ಅಂಗಡಿ ಆಗಲೇ ಬಹಳ ಹಳೆಯದಾಗಿತ್ತು.

ಅವರು ಮಂಗಳೂರನ್ನು ಹಿಡಿದದ್ದು 1526ರಲ್ಲಿ, ಕೋಟೆ ಕಟ್ಟಿದ್ದು 1568ರಲ್ಲಿ. ಯಾಕೆ ಬಂದರು ಎಂದರೆ ಎಲ್ಲರೂ ಕರಿಮೆಣಸು ಎನ್ನುತ್ತಾರೆ. ಅದು ಅರ್ಧ ಸತ್ಯ. ನಮ್ಮ ಕರಾವಳಿಯ ಮಟ್ಟಿಗೆ ಇನ್ನರ್ಧ ಅಕ್ಕಿ. ಗೋವೆಯ ಹೊಟ್ಟೆ ತುಂಬುತ್ತಿದ್ದುದು ಕೆನರಾದ ಅಕ್ಕಿಯಿಂದ, ಮಸ್ಕತ್ತಿನವರೆಗೂ ಹೋಗುತ್ತಿದ್ದುದು ಇಲ್ಲಿನ ಅಕ್ಕಿ. ಬಂಗರು, ಚೌಟರು ಮುಂತಾದ ತುಳುನಾಡಿನ ಅರಸರಿಂದ ಅವರು ಕೇಳುತ್ತಿದ್ದ ಕಪ್ಪ ಅಕ್ಕಿ ಮುಡಿಗಳ ಲೆಕ್ಕದಲ್ಲಿತ್ತು. ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ ಅಕ್ಕಿಮುಡಿಯನ್ನು ನೀವು ಮನೆಯ ಅಟ್ಟದಲ್ಲಿ ಕಂಡಿರಬಹುದು. ಒಂದು ಸಾಮ್ರಾಜ್ಯ ಅದರ ಮೇಲೆ ಕಣ್ಣಿಟ್ಟು ಬಂದಿತ್ತು ಎಂದು ನೆನೆದು ಅದನ್ನು ಇನ್ನೊಮ್ಮೆ ನೋಡಿ.

ಆ ಕಾಲದ ಕಟ್ಟಡಗಳನ್ನು ಹುಡುಕಿಕೊಂಡು ಹೋದರೆ ನಿರಾಸೆಯಾಗುತ್ತದೆ. ರೊಸಾರಿಯೊ ಇಗರ್ಜಿಯ ಮೂಲ 1568ಕ್ಕೆ ಹೋಗುತ್ತದೆ, ಆದರೆ ಇಂದು ದೊಡ್ಡ ಗುಮ್ಮಟ ಹೊತ್ತು ನಿಂತಿರುವ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ಬಿಷಪ್ ತೋಮಸ್ ದ ಕಾಸ್ತ್ರೊ 1680ರಲ್ಲಿ ಸ್ಥಾಪಿಸಿದರು, ಅದೂ ಮುಂದೆ ನೆಲಸಮವಾಗಿ ಹೊಸದಾಗಿ ಎದ್ದಿತು. ಪೋರ್ಚುಗೀಸರು ಬಿಟ್ಟುಹೋದದ್ದು ಕಲ್ಲಿನಲ್ಲಿ ಇಲ್ಲ, ನಮ್ಮ ಬಾಯಿಯಲ್ಲಿದೆ. ಬೆಳಿಗ್ಗೆ ಬಾಲ್ದಿಯಲ್ಲಿ ನೀರು ಹಿಡಿದು, ಅಲಮಾರಿನ ಚಾವಿ ಹುಡುಕಿ, ಮೇಸ್ತ್ರಿಗೆ ಪಗಾರ ಕೊಟ್ಟು, ಮಧ್ಯಾಹ್ನ ಬಟಾಟೆ ಪಲ್ಯ, ಅನಾನಸು ಮೆಣಸ್ಕಾಯಿಯಲ್ಲಿ ಊಟ ಮುಗಿಸುವ ಉಡುಪಿಯ ಆಚಾರವಂತರ ಮನೆಯವರೂ ಅಷ್ಟರಲ್ಲಿ ಎಷ್ಟು ಪೋರ್ಚುಗೀಸ್ ಮಾತಾಡಿದರು ಎಂದು ಎಣಿಸಿ. ಬಾಲ್ದಿ, ಅಲಮಾರು, ಚಾವಿ, ಮೇಸ್ತ್ರಿ, ಪಗಾರ, ಬಟಾಟೆ, ಅನಾನಸು. ಆ ಮೆಣಸ್ಕಾಯಿಗೆ ಬಿದ್ದ ಒಣಮೆಣಸೂ ಅಮೆರಿಕದಿಂದ ಅವರ ಹಡಗಿನಲ್ಲೇ ಬಂದದ್ದು. ಗುಡ್ಡೆಯ ಗೇರು ಮರವೂ ಹಾಗೆಯೇ. ಪಪ್ಪಾಯಿಯನ್ನು ನಾವು ಬಪ್ಪಂಗಾಯಿ ಎನ್ನುತ್ತೇವೆ, ಘಟ್ಟದ ಮೇಲಿನವರು ಪರಂಗಿ ಹಣ್ಣು ಎನ್ನುತ್ತಾರೆ. ಫರಂಗಿಯವರ ಹಣ್ಣು ಎಂದು ಹೆಸರಿನಲ್ಲೇ ಊರು ಕೇರಿ ಬರೆದಿದೆ.

ಹೊಳೆಯ ಆಚೆ ಉಳ್ಳಾಲ. ಅಲ್ಲಿ ಚೌಟರ ಮನೆತನದ ಅಬ್ಬಕ್ಕ. ತುಳುನಾಡಿನ ಅಳಿಯಕಟ್ಟಿನ ವ್ಯವಸ್ಥೆಯಲ್ಲಿ ಪಟ್ಟ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿದ್ದುದರಿಂದ ರಾಣಿ ಆಳುವುದು ಇಲ್ಲಿ ಅಚ್ಚರಿಯ ಸಂಗತಿಯಾಗಿರಲಿಲ್ಲ. ಕಪ್ಪ ಕೊಡುವುದಿಲ್ಲ ಎಂದದ್ದು, ಕಲ್ಲಿಕೋಟೆಯ ಸಾಮೂದಿರಿಯ ಜೊತೆ ಸೇರಿ ಹೋರಾಡಿದ್ದು ನಿಮಗೆಲ್ಲ ಗೊತ್ತು. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಜನ ಇದ್ದರು ಎಂಬ ಅಭಿಪ್ರಾಯವೂ ಬಲವಾಗಿದೆ. ನನಗೆ ಅವರಲ್ಲಿ ಬಹಳ ಹತ್ತಿರದವಳಾಗಿ ಕಾಣುವುದು 1623ರ ಅಬ್ಬಕ್ಕ. ಆ ವರ್ಷ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಗುರುಪುರ ಹೊಳೆಯ ಬದಿಯ ಮಣೇಲಿಗೆ ಹೋದ. ಅರಮನೆ, ದರ್ಬಾರು ಏನೂ ಇಲ್ಲ. ರಾಣಿ ದಾರಿಯಲ್ಲೇ ನಡೆದು ಬರುತ್ತಿದ್ದಳು. ಬರಿಗಾಲು, ಸೊಂಟಕ್ಕೆ ಸುತ್ತಿದ ಹತ್ತಿ ಬಟ್ಟೆ, ಬಿಸಿಲಿಗೆ ತಾಳೆಗರಿಯ ಕೊಡೆ. ಎಲ್ಲಿಗೆ ಹೊರಟಿದ್ದಳು? ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು. ನೋಟಕ್ಕೆ ರಾಣಿಯಂತಿಲ್ಲ, ಮಾತಿನಲ್ಲಿ ತೂಕವಿದೆ ಎಂಬ ಅರ್ಥದಲ್ಲಿ ಅವನು ಬರೆದಿಟ್ಟ. ಪ್ರತಿಮೆಗಳಲ್ಲಿ ನಾವು ಅಬ್ಬಕ್ಕನ ಕೈಗೆ ಕತ್ತಿ ಕೊಟ್ಟಿದ್ದೇವೆ, ಕೊಡಬೇಕಾದದ್ದೇ. ಆದರೆ ಕೆಸರಿನ ಹುಣಿಯ ಮೇಲೆ ನಿಂತು ತೋಡು ಸರಿಯಾಗಿದೆಯೇ ಎಂದು ನೋಡುವ ಹೆಂಗಸನ್ನು ನಮ್ಮ ಊರಿನ ಪ್ರತಿ ಗದ್ದೆಯಲ್ಲೂ ಕಂಡಿದ್ದೇವಲ್ಲವೇ?

ಮುಂದಿನದನ್ನು ಸ್ವಲ್ಪ ವೇಗವಾಗಿ ಹೇಳುತ್ತೇನೆ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಜೊತೆಗೆ ಮಂಗಳೂರು ಹೈದರಾಲಿಯ ಕೈಗೆ ಬಂತು. ಮೈಸೂರಿಗೆ ಕಡಲು ಸಿಕ್ಕಿತು, ಇಲ್ಲಿ ಹಡಗು ಕಟ್ಟುವ ಕೆಲಸ ನಡೆಯಿತು. 1783ರಲ್ಲಿ ಕೋಟೆಯೊಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಇಂಗ್ಲಿಷ್ ಪಡೆ, ಹೊರಗೆ ಟಿಪ್ಪುವಿನ ಸೇನೆ. ಮೇ ತಿಂಗಳಿನಿಂದ ಮರುವರ್ಷದ ಜನವರಿಯ ತನಕ ಮುತ್ತಿಗೆ. ನಡುವೆ ಒಂದು ಪೂರ್ತಿ ಮಂಗಳೂರು ಮಳೆಗಾಲ! ಆ ಕಂದಕಗಳು ಹೇಗಿದ್ದಿರಬಹುದು ಎಂದು ಯೋಚಿಸಿ. ಹಸಿವು, ರೋಗಗಳಿಂದ ಬಸವಳಿದು ಕೋಟೆಯವರು ಶರಣಾದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ಇಲ್ಲಿನ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು. ದಾರಿಯಲ್ಲಿ ಸತ್ತವರು, ಮರಳಿ ಬಾರದವರು ಬಹಳ. ಅವರ ವಂಶದವರು ಇಂದಿಗೂ ಆ ನೋವನ್ನು ಮನೆಯ ಕತೆಯಾಗಿ ಹೇಳುತ್ತಾರೆ, ನಾವು ಕೇಳಿಸಿಕೊಳ್ಳಬೇಕು. ಅದೇ ವರ್ಷವೇ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಎದ್ದಿತು. ಗುರುಪುರ ಹೊಳೆಗೆ ಯುದ್ಧನೌಕೆ ನುಗ್ಗದಂತೆ ಕಾಯುವ ಕಪ್ಪು ಕಲ್ಲಿನ ಕಾವಲು ಬುರುಜು. ಮೇಲೆ ಸುತ್ತಲೂ ಫಿರಂಗಿಯ ಕಂಡಿಗಳು, ಕೆಳಗೆ ಮದ್ದಿನ ಕೋಣೆ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುವ ಜಾಗ. ಆದರೆ ಒಂದೊಂದು ಕಂಡಿಯಲ್ಲಿ ಕಣ್ಣಿಟ್ಟು ನೋಡಿ. ಕಾಣುವುದು ಊರಲ್ಲ, ಹೊಳೆ. ಕಟ್ಟಿದವನ ಭಯ ಯಾವ ದಿಕ್ಕಿನಲ್ಲಿತ್ತು ಎಂಬುದನ್ನು ಕಂಡಿಯೇ ತೋರಿಸುತ್ತದೆ.

ಇಂಗ್ಲಿಷರ ಮಂಗಳೂರು ಎಂದರೆ ಗುಡ್ಡದ ಮಂಗಳೂರು. 1799ರ ನಂತರ ಅವರು ಬಂದರಿನಿಂದ ಮೇಲಕ್ಕೆ ಹತ್ತಿದರು, ಕಚೇರಿ, ಬಂಗಲೆಗಳನ್ನು ಕಟ್ಟಿಕೊಂಡರು. ನೀವು ಬಾವುಟಗುಡ್ಡೆ ಹತ್ತಿದರೆ ಅಲ್ಲಿ 1837ರ ನೆನಪಿದೆ. ತೆರಿಗೆಯನ್ನು ದವಸದ ಬದಲು ನಗದಿನಲ್ಲೇ ಕಟ್ಟಬೇಕೆಂಬ ಆಜ್ಞೆ ಸುಳ್ಯ, ಪುತ್ತೂರಿನ ರೈತರ ಬೆನ್ನು ಮುರಿದಿತ್ತು. ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಮೊದಲಾದವರ ದಂಡು ಸುಳ್ಯದಿಂದ ಹೊರಟು ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನೇ ಹಿಡಿದು, ಈ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿತು. ಹದಿಮೂರು ದಿನ ಊರು ಅವರದಾಗಿತ್ತು. 1857ಕ್ಕೆ ಇಪ್ಪತ್ತು ವರ್ಷ ಮೊದಲು! ಕೊನೆಗೆ ಕಡಲಿನಿಂದ ಸೇನೆ ಬಂತು. ಹಿಡಿದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಬಿಕರ್ನಕಟ್ಟೆಯಲ್ಲಿ ದಿನವೂ ಬಸ್ ಹಿಡಿಯುವ ನಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಇನ್ನು ಬಲ್ಮಠದ ಗುಡ್ಡ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಬಿಡಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿನಲ್ಲಿ ಇಳಿದರು. ಅವರು ಬಂದದ್ದು ಮತ ಸಾರಲು. ಮಾಡಿದ್ದು ಅದೊಂದನ್ನೇ ಅಲ್ಲ. 1841ರಲ್ಲಿ ಮುದ್ರಣಾಲಯ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಕರ್ನಾಟಕದಲ್ಲಿ ಪತ್ರಿಕಾ ದಿನ ಅಂದೇ ನಡೆಯುವುದು ಅದಕ್ಕಾಗಿ. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು, ಸುಮಾರು 70,000 ಪದ. ಎಲ್ಲವೂ ಇದೇ ಗುಡ್ಡದ ಅಚ್ಚುಕೂಟದಲ್ಲಿ. ಕನ್ನಡ ಓದಬಲ್ಲ ಯಾವ ಪ್ರವಾಸಿಯೂ ಮಂಗಳೂರಿಗೆ ಬಂದು ಬಲ್ಮಠದ ಏರು ಹತ್ತದೆ ಹಿಂದಿರುಗಬಾರದು ಎಂದು ನನ್ನ ಒತ್ತಾಯ.

ಅಚ್ಚುಮೊಳೆ ಜೋಡಿಸಿದ ಇದೇ ಮಿಷನ್ 1865ರಲ್ಲಿ ನೇತ್ರಾವತಿಯ ದಡದಲ್ಲಿ, ಜೆಪ್ಪುವಿನ ಬಳಿ, ಹಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬವರ ಪ್ರಯತ್ನ. ಈಗ ನಾನು ಕೈಯಲ್ಲಿ ಹಿಡಿದಿರುವುದನ್ನು ಮುಂದಿನ ಸಾಲಿಗೆ ಕೊಡುತ್ತೇನೆ, ದಯವಿಟ್ಟು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ದಾಟಿಸಿ. ಮೊನ್ನೆ ಮೊನ್ನೆ ಕೆಡವಿದ ಮನೆಯೊಂದರ ಹಂಚು ಇದು. ಮನೆಯವರನ್ನು ಕೇಳಿ ಒಂದನ್ನು ತಂದುಕೊಂಡೆ. ಬೆನ್ನು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಇಸವಿ ಉಬ್ಬಿದ ಅಕ್ಷರಗಳಲ್ಲಿವೆ. ಮೇಲ್ತುದಿಯಲ್ಲಿ ಎರಡು ಮೂಗುಗಳಿವೆ, ಅವು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಬದಿಯಲ್ಲಿ ಕಾಲುವೆ, ಇನ್ನೊಂದು ಬದಿಯಲ್ಲಿ ಏಣು. ಒಂದರ ಏಣು ಪಕ್ಕದ್ದರ ಕಾಲುವೆಯಲ್ಲಿ ಕೂರುತ್ತದೆ. ಗಾರೆ ಬೇಡ, ಮೊಳೆ ಬೇಡ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ ಈ ಕಾಲುವೆಗಳಲ್ಲಿ ಇಳಿದು ಅಂಗಳಕ್ಕೆ ಬೀಳುತ್ತದೆ. ಅದಕ್ಕೂ ಮೊದಲು ಇಲ್ಲಿನ ಬಹುಪಾಲು ಮನೆಗಳಿಗೆ ಮುಳಿಹುಲ್ಲು, ಸೋಗೆ. ವರ್ಷ ವರ್ಷ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಮುಗಿಯಿತು. ಹೊಳೆಬದಿಯ ಆವೆಮಣ್ಣು, ಮಲೆನಾಡಿನ ಸೌದೆ, ಸಾಗಿಸಲು ದೋಣಿ, ದಾಟಿಸಲು ಅಳಿವೆ ಬಾಗಿಲು. ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಗೂ ಹೋದದ್ದು ಇವೆಲ್ಲ ಒಂದೇ ಕಡೆ ಕೂಡಿದ್ದರಿಂದ. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಇಂಗ್ಲಿಷರು ಸೆರೆಯಲ್ಲಿಟ್ಟರು, ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಹೆಸರಿಗೆ ಹೋದವು. ಹಂಚು ಮಾತ್ರ ಹಾಗೆಯೇ ಬರುತ್ತಿತ್ತು.

ಇನ್ನೊಂದು ಗುರುತಿದೆ, ಹಂಚು ನಿಮ್ಮ ಕೈಗೆ ಬಂದಾಗ ಹುಡುಕಿ. ಕೆಳಗಿನ ಅಂಚಿನ ಹತ್ತಿರ, ಅಕ್ಷರಗಳಿಂದ ಸ್ವಲ್ಪ ದೂರ, ಸಣ್ಣ ಕುಳಿ. ಬೆಳಕಿಗೆ ಓರೆ ಮಾಡಿದರೆ ಅದರಲ್ಲಿ ಗೆರೆಗಳು ಕಾಣುತ್ತವೆ. ಬೆರಳಿನ ಗುರುತು. ಹಸಿ ಹಂಚನ್ನು ಅಚ್ಚಿನಿಂದ ಎತ್ತಿ ಒಣಗಲು ಇಟ್ಟ ಯಾರದೋ ಹೆಬ್ಬೆರಳು, ಗಂಡಸೋ ಹೆಂಗಸೋ, ಒಲೆಯಲ್ಲಿ ಬೆಂದು ಹಾಗೇ ಉಳಿದಿದೆ. ಮಿಷನರಿಗಳ ಹೆಸರು ಪುಸ್ತಕದಲ್ಲಿದೆ. ಈ ಬೆರಳಿನವರ ಹೆಸರು ಎಲ್ಲೂ ಇಲ್ಲ. ಹಂಚಿನ ಮನೆ ಕೆಡವುವಾಗ ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸುತ್ತದೆ, ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಫಳ್ನೀರು, ಕೊಡಿಯಾಲ್‌ಬೈಲು, ಬಿಜೈ ಕಡೆ ನಡೆಯುವಾಗ ಉಳಿದಿರುವ ಮನೆಗಳನ್ನು ಈ ವರ್ಷವೇ ನೋಡಿಕೊಳ್ಳಿ ಎಂದು ಬಂದವರಿಗೆ ಹೇಳುತ್ತೇನೆ.

ಸಂತ ಅಲೋಶಿಯಸ್ ಪ್ರಾರ್ಥನಾಲಯದ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ಕತ್ತೆತ್ತಿ ಫೋಟೊದಂತೆ ನೋಡಿ ಬರಬೇಡಿ. ಇಟಲಿಯ ಆಂತೋನಿಯೊ ಮೊಸ್ಕೆನಿ 1899ರಿಂದ 1901ರ ತನಕ ಇದನ್ನು ಬಿಡಿಸಿದರು. ಗೋಡೆಯ ಚಿತ್ರಗಳಲ್ಲಿ ಬಣ್ಣ ಕೂತಿರುವುದು ಒದ್ದೆ ಸುಣ್ಣದ ಗಾರೆಯ ಮೇಲೆ. ಗಾರೆ ಒಣಗುವುದರೊಳಗೆ ಆ ತುಂಡನ್ನು ಮುಗಿಸಬೇಕು, ತಪ್ಪಿದರೆ ಕೆತ್ತಿ ಮತ್ತೆ ಮೆತ್ತಬೇಕು. ನಮ್ಮ ಈ ತೇವದ ಹವೆಯಲ್ಲಿ, ಈ ಸೆಕೆಯಲ್ಲಿ! ಒಂದು ಬೆಂಚಿನಲ್ಲಿ ಕೂತು ಒಂದೇ ಒಂದು ಚಿತ್ರವನ್ನು ಕಾಲು ಗಂಟೆ ನೋಡಿ. ಅಷ್ಟು ಸಾಕು.

ಈಗ ಮಧ್ಯಾಹ್ನ ಮೂರೂವರೆ ಎಂದುಕೊಳ್ಳಿ. ಕಾಣೆ ಫ್ರೈ, ಕುಚ್ಚಲಕ್ಕಿ ಅನ್ನ ಉಂಡು ವಿಶ್ರಾಂತಿಯೂ ಆಗಿದೆ. ಬತ್ತೇರಿಯ ಕಡವಿಗೆ ಬನ್ನಿ. ದೋಣಿಯಲ್ಲಿ ಹೊಳೆ ದಾಟಲು ಕೆಲವೇ ನಿಮಿಷ. ಆದರೆ ಆ ಕೆಲವು ನಿಮಿಷಗಳಲ್ಲಿ ಊರು ನಿಮ್ಮ ಬೆನ್ನ ಹಿಂದೆ ಸರಿದು, ಬುರುಜು ಚಿಕ್ಕದಾಗಿ, ಎದುರಿನ ತೆಂಗಿನ ಸಾಲು ದೊಡ್ಡದಾಗುತ್ತದೆ. ಆಚೆ ದಡದಲ್ಲಿ ಇಳಿದು ಮರಳಿನ ದಾರಿಯಲ್ಲಿ ಸ್ವಲ್ಪ ನಡೆದರೆ ಸದ್ದು ಮೊದಲು ಕೇಳಿಸುತ್ತದೆ, ಆಮೇಲೆ ಗಾಳಿ ಮರಗಳ ನಡುವಿನಿಂದ ಕಡಲು ಕಾಣುತ್ತದೆ. ಅದೇ ತಣ್ಣೀರುಬಾವಿ. ಹೆಸರೇ ಹೇಳುವಂತೆ ಉಪ್ಪುನೀರಿನ ನಡುವೆ ಸಿಹಿನೀರಿನ ಬಾವಿಯ ಊರು. ಹೊಳೆಗೂ ಕಡಲಿಗೂ ನಡುವೆ ಎಷ್ಟು ತೆಳು ನೆಲ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಕಾರಿನಲ್ಲಿ ಕೂಳೂರು ಸುತ್ತಿ ಬಂದವರಿಗೆ ಇದು ಗೊತ್ತಾಗುವುದೇ ಇಲ್ಲ.

ಅಲ್ಲಿಂದ ಉತ್ತರಕ್ಕೆ ಪಣಂಬೂರು. ಅಲ್ಲಿ ಹಡಗುಗಳನ್ನು ನೋಡುತ್ತ ಇದನ್ನು ನೆನೆಯಿರಿ. ಹಳೆ ಬಂದರಿನ ಬಾಗಿಲಿಗೆ ಮರಳು ತುಂಬಿ ಆಳವಿರಲಿಲ್ಲ. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು, ಸರಕು ಪಡಾವುಗಳಲ್ಲಿ ಹೋಗಿ ಬರುತ್ತಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಅದಕ್ಕಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಗೆ ತಂದು 1974ರಲ್ಲಿ ನವಮಂಗಳೂರು ಬಂದರು ಆಯಿತು. ಆ ನೆಲದಲ್ಲಿ ಮನೆ, ಗದ್ದೆ ಇದ್ದವರು ಎದ್ದು ಹೋಗಬೇಕಾಯಿತು. ಇನ್ನೂ ಉತ್ತರಕ್ಕೆ ಸುರತ್ಕಲ್ಲಿನ ದೀಪಸ್ತಂಭದ ಗುಡ್ಡ, ಅದರಾಚೆ ಶಾಂಭವಿ, ನಂದಿನಿ ಹೊಳೆಗಳು ಕೂಡುವ ಸಸಿಹಿತ್ಲು. 2016ರಲ್ಲಿ ದೇಶದ ಸರ್ಫಿಂಗ್ ಸ್ಪರ್ಧೆ ನಡೆದ ತೀರ ಅದು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪಕ್ಕೆ ಒಂದು ಬೇರೆಯೇ ದಿನ ಇಡಿ. ವಾಸ್ಕೊ ಡ ಗಾಮ 1498ರಲ್ಲಿ ಅಲ್ಲಿ ಇಳಿದು ಶಿಲುಬೆ ನೆಟ್ಟ ಎಂಬ ಐತಿಹ್ಯ ಎಲ್ಲರ ಬಾಯಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಕಂಬಗಲ್ಲುಗಳು. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷದ್ದು. ಗಾಮನಿಗೆ ಅದರ ಮುಂದೆ ಎಷ್ಟು ಜಾಗ?

ದಕ್ಷಿಣದ ಉಳ್ಳಾಲ, ಸೋಮೇಶ್ವರದ ವಿಷಯಕ್ಕೆ ಬಂದರೆ ನನ್ನ ಧ್ವನಿ ಬದಲಾಗುತ್ತದೆ, ಕ್ಷಮಿಸಬೇಡಿ, ಕೇಳಿಸಿಕೊಳ್ಳಿ. ಸೋಮನಾಥ ದೇವಸ್ಥಾನದ ಕೆಳಗೆ ಬಂಡೆಗಳಿವೆ, ರುದ್ರಶಿಲೆ ಎನ್ನುತ್ತಾರೆ. ಬಹಳ ಚೆಲುವಾದ ಜಾಗ. ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಬಂದಿದ್ದ ಹತ್ತೊಂಬತ್ತರ ಹುಡುಗನೊಬ್ಬ ಈಜು ಬಲ್ಲೆ ಎಂದು ಸೊಂಟದ ನೀರಿಗೆ ಇಳಿದ. ಕೆರೆಯಲ್ಲಿ ಕಲಿತ ಈಜು. ನಾನು ಚಪ್ಪಲಿ ಬಿಚ್ಚಿ ತಲೆಯೆತ್ತುವುದರೊಳಗೆ ಅವನು ಮೂವತ್ತು ಮಾರು ಆಚೆಗಿದ್ದ. ಅಲ್ಲೇ ಬಲೆ ಸರಿಮಾಡುತ್ತಿದ್ದ ಇಬ್ಬರು ಮೀನುಗಾರರು ಹಾರಿ ಎಳೆದು ತಂದರು. ಅವರಲ್ಲಿ ಹಿರಿಯರು ಹೇಳಿದ ಮಾತನ್ನು ಅಂದಿನಿಂದ ಎಲ್ಲರಿಗೂ ದಾಟಿಸುತ್ತಿದ್ದೇನೆ. ಅಲೆ ಮುರಿಯುವ ಜಾಗಕ್ಕಿಂತ ಅಲೆ ಮುರಿಯದ ಜಾಗಕ್ಕೆ ಹೆಚ್ಚು ಹೆದರಬೇಕು.

ಯಾಕೆಂದರೆ, ಅಲೆಗಳು ತಂದು ದಡಕ್ಕೆ ಸುರಿದ ನೀರು ಮರಳಲೇಬೇಕಲ್ಲ? ಅದು ಎಲ್ಲ ಕಡೆಯಿಂದಲೂ ಮರಳುವುದಿಲ್ಲ. ಮರಳಿನಲ್ಲಿ ಒಂದು ತೋಡು ಮಾಡಿಕೊಂಡು ಅದರಲ್ಲೇ ರಭಸದಿಂದ ಹೊರಗೆ ಹರಿಯುತ್ತದೆ. ಆ ತೋಡಿನ ಮೇಲೆ ಅಲೆ ಮುರಿಯುವುದಿಲ್ಲ, ನೀರು ಸಮಾಧಾನವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಬೇಡಿ, ಸೋತುಹೋಗುತ್ತೀರಿ. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ತೋಡಿನಿಂದ ಹೊರಗೆ ಬನ್ನಿ, ಆಮೇಲೆ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಈಜಲಾಗದಿದ್ದರೆ ತೇಲುತ್ತ ಕೈ ಬೀಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯುವ ಮಾತೇ ಬೇಡ. ಕಡಲಿನಲ್ಲೇ ಬದುಕುವ ನಮ್ಮ ಮೊಗವೀರರೇ ಯಾಂತ್ರಿಕ ದೋಣಿಗಳನ್ನು ಜೂನ್, ಜುಲೈ ಎರಡು ತಿಂಗಳು ದಡಕ್ಕೆ ಕಟ್ಟಿ ಕೂರುತ್ತಾರೆ.

ಉಳ್ಳಾಲದಲ್ಲಿ ಇನ್ನೊಂದನ್ನು ನೋಡಬೇಕು, ನೋಡಲು ಸಂತೋಷವಾಗುವುದಿಲ್ಲ. ಅಲ್ಲಿ ದಡವನ್ನು ಕಡಲು ತಿನ್ನುತ್ತಿದೆ. ಬೇರು ಹೊರಗೆ ಚಾಚಿ ವಾಲಿದ ತೆಂಗಿನಮರಗಳು, ಅರ್ಧ ಗೋಡೆಯಷ್ಟೇ ಉಳಿದ ಮನೆಗಳು, ಲಾರಿಗಟ್ಟಲೆ ಸುರಿದ ಬಂಡೆಗಳು. ದಡದ ಮರಳು ಒಂದೇ ಕಡೆ ನಿಲ್ಲುವ ವಸ್ತುವಲ್ಲ. ಹೊಳೆ ತರುತ್ತದೆ, ಮಳೆಗಾಲದ ಅಲೆ ಒಯ್ಯುತ್ತದೆ, ಬೇಸಗೆಯ ಅಲೆ ಮರಳಿ ತಂದು ಹಾಕುತ್ತದೆ. ಹೊಳೆಯಲ್ಲಿ ಅಣೆಕಟ್ಟು, ಮರಳುಗಾರಿಕೆ, ಅಳಿವೆ ಬಾಗಿಲಿನಲ್ಲಿ ಕಲ್ಲಿನ ತಡೆಗೋಡೆ. ಈ ಕೊಡು ಕೊಳ್ಳುವಿಕೆಯಲ್ಲಿ ನಾವು ಎಲ್ಲಿ ಕೈ ಹಾಕಿದರೂ ಇನ್ನೆಲ್ಲೋ ಒಬ್ಬರ ಅಂಗಳ ಹೋಗುತ್ತದೆ. ಬಂಡೆ ಹಾಕಿದ ಜಾಗ ಉಳಿದರೆ ಅದರ ಪಕ್ಕದ್ದು ಕೊಚ್ಚಿಹೋಗುತ್ತದೆ. ಅಬ್ಬಕ್ಕ ಉಳಿಸಿಕೊಂಡ ದಡ ಅದು. ನಮ್ಮ ಕಾಲದಲ್ಲಿ ಅದು ಹೋಗುತ್ತಿದೆ, ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಬರುವುದಾದರೆ ಯಾವಾಗ ಎಂದು ಚೀಟಿಯಲ್ಲಿ ಕೇಳಿದ್ದಾರೆ. ನವೆಂಬರ್‌ನಿಂದ ಫೆಬ್ರವರಿ. ರಾತ್ರಿ ಯಕ್ಷಗಾನದ ಆಟವೂ ಸಿಗುತ್ತದೆ, ಕಂಬಳವೂ ಸಿಗುತ್ತದೆ. ಹೋಟೆಲನ್ನು ಕಡಲ ಬದಿಯಲ್ಲಿ ಹುಡುಕಬೇಡಿ, ಹಂಪನಕಟ್ಟೆಯ ಆಸುಪಾಸಿನಲ್ಲಿ ಉಳಿದುಕೊಳ್ಳಿ, ಬಂದರಿಗೆ ನಡೆದೇ ಹೋಗಬಹುದು.

ತಣ್ಣೀರುಬಾವಿಯಿಂದ ಹಿಂದಿರುಗುವ ದೋಣಿಯನ್ನು ತಪ್ಪಿಸಿಕೊಳ್ಳಬೇಡಿ, ಕತ್ತಲಾದ ಮೇಲೆ ಸಿಗುವುದಿಲ್ಲ. ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿ ಮುಗಿಸುವ ಮೊದಲೇ ಎದ್ದು ಬನ್ನಿ. ಆ ಹೊತ್ತಿಗೆ ಇಳಿತವಿದ್ದರೆ ಹೊಳೆಯ ನಡುವೆ ಎದೆಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು ಕಾಣುತ್ತಾರೆ. ಬುಟ್ಟಿಯನ್ನು ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ, ಅದು ಅವರ ಹಿಂದೆ ತೇಲಿಕೊಂಡು ಬರುತ್ತದೆ. ಕಾಲಿನಿಂದ ಕೆಸರು ತಡಕಿ, ಮುಳುಗಿ, ಹಿಡಿ ತುಂಬ ಚಿಪ್ಪು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಅವರ ಹತ್ತಿರ ಬಂದಾಗ ದೋಣಿಯವನು ಅಲೆ ಏಳದಂತೆ ಇಂಜಿನ್ ನಿಧಾನ ಮಾಡುತ್ತಾನೆ. ಎದುರಿಗೆ ಬತ್ತೇರಿಯ ಕಂಡಿಗಳು ನಿಮ್ಮ ಕಡೆಗೇ ನೋಡುತ್ತಿರುತ್ತವೆ.